ಪಿಸ್ತೂಲಿನ ಆಯ್ಕೆ: ಕೈಯ ಮಾತು ಎಲ್ಲಿಯವರೆಗೆ, ಕಂಪನಿಯ ಹೆಸರು ಎಲ್ಲಿಂದ

ಯಾವ ಪಿಸ್ತೂಲು ತೆಗೆದುಕೊಳ್ಳಲಿ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಒಂದು ಕಂಪನಿಯ ಹೆಸರು ಹೇಳುತ್ತಾರೆ. ಗ್ಲಾಕ್ ಬಿಟ್ಟು ಬೇರೆ ಮುಟ್ಟಬೇಡ ಎನ್ನುವವರಿದ್ದಾರೆ, 1911 ಎಂಬ ಹಳೆಯ ವಿನ್ಯಾಸದ ಪಿಸ್ತೂಲು ಹಿಡಿದ ಕೈಗೆ ಮತ್ತೊಂದು ಒಗ್ಗುವುದಿಲ್ಲ ಎನ್ನುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಹೇಳುತ್ತಿರುವುದು ತಮ್ಮ ಕೈಯ ಅಳತೆ, ತಮ್ಮ ಅಭ್ಯಾಸ. ನಿಮ್ಮದು ಬೇರೆ ಇರಬಹುದು. ಹೆಸರಿಗೆ ಮೊದಲು ತಿಳಿಯಬೇಕಾದದ್ದು ಮೂರು: ಹಿಡಿ ನಿಮ್ಮ ಕೈಗೆ ಸರಿಯಾಗಿ ಕೂರುತ್ತದೆಯೇ, ಟ್ರಿಗರ್ ಎಳೆದಾಗ ಸೈಟ್ (ಗುರಿ ನೋಡುವ ಗುರುತು) ಅಲುಗದೆ ನಿಲ್ಲುತ್ತದೆಯೇ, ನೀವು ಬಳಸುವ ಗುಂಡನ್ನು ಅದು ತಡೆಯಿಲ್ಲದೆ ನುಂಗಿ ಉಗುಳುತ್ತದೆಯೇ. ಈ ಮೂರಕ್ಕೂ ಹೌದು ಎನ್ನುವ ಎರಡು ಮೂರು ಪಿಸ್ತೂಲುಗಳು ಉಳಿದಾಗ ಬ್ರ್ಯಾಂಡ್‌ನ ಮಾತು ಬರಲಿ. ಅಲ್ಲಿ ಅದಕ್ಕೆ ನಿಜವಾದ ಬೆಲೆ ಇದೆ.

ಇದಕ್ಕೂ ಮೊದಲಿನ ಕೆಲಸ ನಿಮ್ಮ ಊರಿನ ಕಾನೂನು ನೋಡುವುದು. ಯಾವ ಕ್ಯಾಲಿಬರ್‌ಗೆ, ಅಂದರೆ ಗುಂಡಿನ ಯಾವ ಅಳತೆಗೆ, ಪರವಾನಗಿ ಸಿಗುತ್ತದೆ, ಎಷ್ಟು ಆಯುಧ ಇಟ್ಟುಕೊಳ್ಳಬಹುದು, ಮ್ಯಾಗಜೀನ್‌ನಲ್ಲಿ (ಗುಂಡು ತುಂಬುವ ಪೆಟ್ಟಿಗೆಯಲ್ಲಿ) ಎಷ್ಟು ಗುಂಡು ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಕಾನೂನು ಒಪ್ಪದ ಪಿಸ್ತೂಲಿನ ಮೇಲೆ ಮನಸ್ಸಿಟ್ಟು ಫಲವಿಲ್ಲ.

ಅಂಗಡಿಯಲ್ಲಾಗಲಿ ಗುಂಡು ಹಾರಿಸುವ ರೇಂಜಿನಲ್ಲಾಗಲಿ ಪಿಸ್ತೂಲನ್ನು ಕೈಗೆ ತೆಗೆದುಕೊಂಡ ಕೂಡಲೇ ಅದು ಖಾಲಿಯೇ ಎಂದು ನೀವೇ ನೋಡಬೇಕು. ಕೊಟ್ಟವರು ಈಗಷ್ಟೇ ನೋಡಿದ್ದರೂ ಸರಿ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ, ಸ್ಲೈಡನ್ನು ಹಾಗೆಯೇ ನಿಲ್ಲಿಸಿ ಚೇಂಬರನ್ನು, ಅಂದರೆ ಗುಂಡು ಕೂರುವ ಕುಳಿಯನ್ನು, ಕಣ್ಣಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ. ಈ ಕ್ರಮ ತಿರುಗುಮುರುಗಾದರೆ ಅಪಾಯ: ಮ್ಯಾಗಜೀನ್ ಒಳಗಿರುವಾಗ ಸ್ಲೈಡ್ ಎಳೆದು ಬಿಟ್ಟರೆ ಚೇಂಬರ್‌ನಲ್ಲಿದ್ದ ಗುಂಡು ಹೊರಬಿದ್ದು ಹೊಸದೊಂದು ಒಳಗೆ ಹೋಗಿ ಕೂರುತ್ತದೆ. ಹೊರಬಿದ್ದ ಗುಂಡು ನೋಡಿ ಖಾಲಿಯಾಯಿತು ಎಂದುಕೊಂಡು ಟ್ರಿಗರ್ ಒತ್ತಿದವರಿಂದಲೇ ಎಷ್ಟೋ ಅನಾಹುತಗಳು ಆಗಿವೆ. ಎಲ್ಲ ಪರೀಕ್ಷೆಯಲ್ಲೂ ನಳಿಕೆ ಜನರಿಲ್ಲದ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಹೊರಗೆ.

ಕೈಗೆ ಹೊಂದುವುದೆಂದರೆ ಏನು

"ಕೈಗೆ ಚೆನ್ನಾಗಿ ಕೂತಿತು" ಎನ್ನುವುದು ಅಂಗಡಿಯ ಗಾಜಿನ ಮುಂದೆ ನಿಂತು ಅರ್ಧ ನಿಮಿಷದಲ್ಲಿ ಹೇಳುವ ಮಾತಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟೂ ಮೇಲೆ ಹೋಗಬೇಕು. ಮೇಲಿನಿಂದ ನೋಡಿದರೆ ನಳಿಕೆಯೂ ಮುಂಗೈಯ ಎಲುಬೂ ಒಂದೇ ಗೆರೆಯಲ್ಲಿರಬೇಕು. ಆ ಹಿಡಿತವನ್ನು ಕದಲಿಸದೆ ತೋರುಬೆರಳು ಚಾಚಿದಾಗ ಬೆರಳ ತುದಿಯ ಮೆದು ಭಾಗ, ಅಂದರೆ ಉಗುರಿನ ಹಿಂದಿನ ದಿಂಬು, ಟ್ರಿಗರ್ ಮೇಲೆ ನೇರವಾಗಿ ಕೂರಬೇಕು. ತುದಿ ಮಾತ್ರ ತಗುಲಿದರೆ ಹಿಡಿ ನಿಮಗೆ ದಪ್ಪ. ಮೊದಲ ಗೆಣ್ಣು ದಾಟಿ ಒಳಗೆ ಹೋದರೆ ತೆಳು. ಬೆರಳು ಮುಟ್ಟಲೆಂದು ಹಿಡಿಯನ್ನು ಅಂಗೈಯಲ್ಲಿ ತಿರುಗಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆಗ ಗುಂಡು ಹಾರಿದಾಗಿನ ಒದೆ ನೇರವಾಗಿ ಹೆಬ್ಬೆರಳ ಬುಡಕ್ಕೆ ಬೀಳುತ್ತದೆ, ಐವತ್ತು ಗುಂಡಿನೊಳಗೆ ಅಲ್ಲಿ ನೋವು ಶುರು.

ಇದು ಸೂಕ್ಷ್ಮ ಎನಿಸಬಹುದು, ಆದರೆ ಸೈನ್ಯವೇ ಇದಕ್ಕಾಗಿ ವಿನ್ಯಾಸ ಬದಲಿಸಿದೆ. 1911ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಜಾನ್ ಬ್ರೌನಿಂಗ್ ಅವರ .45 ಪಿಸ್ತೂಲನ್ನು 1920ರ ದಶಕದಲ್ಲಿ ತಿದ್ದಿ 1911ಎ1 ಮಾಡಿದಾಗ ಟ್ರಿಗರ್ ಗಿಡ್ಡವಾಯಿತು, ಟ್ರಿಗರ್‌ನ ಹಿಂದೆ ಫ್ರೇಮಿನಲ್ಲಿ (ಹಿಡಿಯೂ ಟ್ರಿಗರೂ ಇರುವ ಕೆಳಭಾಗದಲ್ಲಿ) ಬೆರಳಿಗೆಂದು ತಗ್ಗು ಕೊರೆದರು, ಹಿಡಿಯ ಹಿಂಬದಿಗೆ ಕಮಾನು ಬಂತು. ಇಂದು ಅದೇ ವಿನ್ಯಾಸಕ್ಕೆ ಗಿಡ್ಡ, ಉದ್ದ ಎರಡೂ ಟ್ರಿಗರ್ ಸಿಗುತ್ತವೆ. ಬೆರೆಟಾ 92 ಮೇಲೆ ಚಿಕ್ಕ ಕೈಯವರ ದೂರು ಇಂದಿಗೂ ಅದೇ: ಮೊದಲ ಗುಂಡಿಗೆ ಟ್ರಿಗರ್ ತೀರ ಮುಂದಿರುತ್ತದೆ, ಬೆರಳು ಎಟುಕುವುದಿಲ್ಲ. ವಾಲ್ಥರ್ ಪಿ99, ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ ಮುಂತಾದವುಗಳಲ್ಲಿ ಹಿಡಿಯ ಹಿಂಭಾಗವನ್ನು ಬಿಚ್ಚಿ ಬೇರೆ ಅಳತೆಯದು ಹಾಕಬಹುದು. ಡಬ್ಬಿಯಲ್ಲಿ ಬಂದ ಎಲ್ಲ ಅಳತೆಯನ್ನೂ ಹಾಕಿ ನೋಡದೆ ಇಂಥ ಪಿಸ್ತೂಲನ್ನು ಬೇಡ ಎನ್ನಬೇಡಿ. ನಡುವಿನ ಅಳತೆ ಕಾರ್ಖಾನೆಯಲ್ಲೇ ಹಾಕಿರುತ್ತದೆ, ಹೆಚ್ಚಿನವರು ಅದನ್ನು ಬದಲಿಸಿಯೇ ಇರುವುದಿಲ್ಲ.

ಹಿಡಿಯ ಓರೆಗೆ ಒಂದು ಸುಲಭ ಪರೀಕ್ಷೆ ಇದೆ. ಖಾಲಿ ಪಿಸ್ತೂಲನ್ನು ಎದೆಯ ಮುಂದೆ ಹಿಡಿದು ಎದುರಿನ ಗೋಡೆಯ ಒಂದು ಚುಕ್ಕೆ ನೋಡಿ. ಗೋಡೆಯಾಚೆ ಯಾರೂ ಇರಬಾರದು. ಕಣ್ಣು ಮುಚ್ಚಿ ಕೈ ಚಾಚಿ ಗುರಿ ಹಿಡಿಯಿರಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಸೀಳಿನಲ್ಲಿ ನಿಂತಿದೆಯೇ? ಗ್ಲಾಕ್‌ನ ಹಿಡಿ 1911ಕ್ಕಿಂತ ಹೆಚ್ಚು ಓರೆ, ಹಾಗಾಗಿ ವರ್ಷಗಟ್ಟಲೆ 1911 ಹಿಡಿದವರು ಗ್ಲಾಕ್ ಎತ್ತಿದರೆ ಮುಂದಿನ ಸೈಟ್ ಮೇಲೆದ್ದು ಕಾಣುತ್ತದೆ. ಹತ್ತು ಸಲ ಮಾಡಿ, ಎಷ್ಟು ಸಲ ಸರಿ ಬಂತು ಎಂದು ಬರೆದಿಟ್ಟುಕೊಳ್ಳಿ. ಆದರೆ ಇದೇ ಕೊನೆಯ ತೀರ್ಪಲ್ಲ. ಓರೆಯ ವ್ಯತ್ಯಾಸ ಅಭ್ಯಾಸದಿಂದ ಸರಿಹೋಗುತ್ತದೆ, ಟ್ರಿಗರ್‌ನ ದೂರ ಅಭ್ಯಾಸದಿಂದ ಸರಿಹೋಗುವುದಿಲ್ಲ. ಬೆರಳು ಉದ್ದವಾಗುವುದಿಲ್ಲವಲ್ಲ.

ಸ್ಲೈಡ್ ಎಳೆಯಲು ಆಗುವುದಿಲ್ಲ ಎಂದು ಒಳ್ಳೆಯ ಪಿಸ್ತೂಲನ್ನು ಬಿಟ್ಟವರೂ ಇದ್ದಾರೆ. ಎಡಗೈಯಿಂದ ಸ್ಲೈಡನ್ನು ಹಿಡಿದು ನಿಲ್ಲಿಸಿ, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿ. ಎಳೆಯುವುದಕ್ಕಿಂತ ತಳ್ಳುವುದಕ್ಕೆ ತೋಳಿನ ಬಲ ಹೆಚ್ಚು ಒದಗುತ್ತದೆ. ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಹಿಂಬದಿಯ ಸುತ್ತಿಗೆ) ಹೊರಗಿರುವ ಪಿಸ್ತೂಲಾದರೆ ಮೊದಲು ಹ್ಯಾಮರ್ ಹಿಂದಕ್ಕೆಳೆಯಿರಿ, ಶ್ರಮ ಕಡಿಮೆ. ಚಿಕ್ಕ ಪಿಸ್ತೂಲು ಹಗುರವಾಗಿ ಎಳೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ವಾಲ್ಥರ್ ಪಿಪಿಕೆಯಂಥ ಹಳೆಯ ಬಗೆಯ .380 ಪಿಸ್ತೂಲಿನಲ್ಲಿ ಸ್ಲೈಡನ್ನು ತಡೆಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ, ಹಾಗಾಗಿ ಸ್ಪ್ರಿಂಗ್ ಗಟ್ಟಿ. ನಳಿಕೆ ಸ್ಲೈಡಿಗೆ ಕಚ್ಚಿಕೊಂಡು ಬೀಗವಾಗುವ ದೊಡ್ಡ 9 ಎಂಎಂ ಪಿಸ್ತೂಲು ಅದಕ್ಕಿಂತ ಸಲೀಸಾಗಿ ಬರುವುದುಂಟು. ಸಿಝಡ್ 75ರ ಸ್ಲೈಡ್ ಫ್ರೇಮಿನ ಒಳಗೆ ಜಾರುವುದರಿಂದ ಬೆರಳಿಗೆ ಸಿಗುವ ಲೋಹ ಕಡಿಮೆ, ಒದ್ದೆ ಕೈಯಲ್ಲಿ ಅದನ್ನು ಎಳೆದು ನೋಡಿಯೇ ನಿರ್ಧರಿಸಿ.

ಎಡಗೈಯವರು ಮ್ಯಾಗಜೀನ್ ಬಿಡಿಸುವ ಗುಂಡಿಯನ್ನು ಆಚೆ ಬದಿಗೆ ಹಾಕಲು ಬರುತ್ತದೆಯೇ ನೋಡಬೇಕು. ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಸನ್ನೆಗೋಲು, ಎರಡೂ ಬದಿಗೆ ಇದೆಯೇ, ಅದನ್ನೂ ನೋಡಿ.

ಟ್ರಿಗರ್ ಮತ್ತು ಸನ್ನೆಗೋಲುಗಳ ದಿಕ್ಕು

ರುಚಿ ಬೇರೆಯಾಗುವುದು ಹೆಚ್ಚಾಗಿ ಇಲ್ಲಿ. ಹ್ಯಾಮರ್ ಇಲ್ಲದೆ ಒಳಗಿನ ಪಿನ್ನೇ ಬಡಿಯುವ, ಗ್ಲಾಕ್‌ನಂಥ ಸ್ಟ್ರೈಕರ್ ಪಿಸ್ತೂಲಿನ ಟ್ರಿಗರ್ ಪ್ರತಿ ಗುಂಡಿಗೂ ಒಂದೇ ಥರ, ಸುಮಾರು 2.5 ಕಿಲೋ ಒತ್ತಡ. ಬೆರೆಟಾ 92, ಸಿಗ್ ಪಿ226 ಮುಂತಾದವುಗಳಲ್ಲಿ ಮೊದಲ ಎಳೆತ ಉದ್ದ ಮತ್ತು ಭಾರ, ಹೆಚ್ಚುಕಡಿಮೆ 4.5ರಿಂದ 5 ಕಿಲೋ. ಆಮೇಲಿನವು ಗಿಡ್ಡ ಮತ್ತು ಹಗುರ, 2 ಕಿಲೋ ಆಸುಪಾಸು. 1911ರಲ್ಲಿ ಹ್ಯಾಮರ್ ಮೊದಲೇ ಹಿಂದಕ್ಕಿರುತ್ತದೆ, ಸೇಫ್ಟಿ ಇಳಿಸಿ ನೇರವಾಗಿ ಹಿಂದಕ್ಕೆ ಒತ್ತುವುದಷ್ಟೆ. ರಿವಾಲ್ವರ್‌ನ ಡಬಲ್ ಆ್ಯಕ್ಷನ್ (ಹ್ಯಾಮರನ್ನು ಎತ್ತುವುದೂ ಬಿಡುವುದೂ ಟ್ರಿಗರೇ) ಎಳೆತ ಎಲ್ಲಕ್ಕಿಂತ ಉದ್ದ. ಆದರೆ ಅದು ಬೆರಳಿಗೆ ಕಲಿಸುವ ಶಿಸ್ತು ಬೇರೆಲ್ಲೂ ಸಿಗುವುದಿಲ್ಲ.

ಯಾವುದು ಒಳ್ಳೆಯದು ಎಂದರೆ, ವಾರಕ್ಕೊಮ್ಮೆಯಾದರೂ ಅಭ್ಯಾಸ ಮಾಡಲಾಗದವರಿಗೆ ಪ್ರತಿ ಸಲ ಒಂದೇ ಥರ ಇರುವ ಟ್ರಿಗರ್ ಒಳ್ಳೆಯದು. ಎರಡು ಬಗೆಯ ಎಳೆತ ಕಲಿಯಲು ಎರಡರಷ್ಟು ಸಮಯ ಬೇಕು. ಮೊದಲ ಗುಂಡು ಕೆಳಗೂ ಎರಡನೆಯದು ಬೇರೆಲ್ಲೋ ಬೀಳುವುದು ಅಭ್ಯಾಸ ಸಾಲದವರಲ್ಲಿ ಮಾಮೂಲು.

ಸೇಫ್ಟಿಯ ದಿಕ್ಕಿಗೆ ಜನ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. 1911ರಲ್ಲಿ ಸೇಫ್ಟಿಯನ್ನು ಕೆಳಗೆ ಒತ್ತಿದರೆ ಪಿಸ್ತೂಲು ಸಿದ್ಧ. ಬೆರೆಟಾ 92ಎಫ್‌ಎಸ್‌ನಲ್ಲಿ ಸ್ಲೈಡಿನ ಮೇಲಿರುವ ಸನ್ನೆಗೋಲನ್ನು ಮೇಲಕ್ಕೆತ್ತಿದರೆ ಸಿದ್ಧ, ಕೆಳಗೆ ಒತ್ತಿದರೆ ಹ್ಯಾಮರ್ ಇಳಿದು ಭದ್ರ. ಪೂರಾ ಉಲ್ಟಾ. ಸಿಗ್ ಪಿ226ರಲ್ಲಿ ಬೇರೆ ಪಿಸ್ತೂಲುಗಳ ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ಹಿಡಿದಿಡುವ ಸನ್ನೆಗೋಲು) ಇರುವ ಜಾಗದ ಹತ್ತಿರ ಹ್ಯಾಮರ್ ಇಳಿಸುವ ಸನ್ನೆಗೋಲು ಇದೆ. ಗ್ಲಾಕ್‌ನಿಂದ ಬಂದವರು ಸ್ಲೈಡ್ ಮುಂದಕ್ಕೆ ಬಿಡಲು ಹೋಗಿ ಅದನ್ನು ಒತ್ತುತ್ತಾರೆ. ರಿವಾಲ್ವರ್‌ನಲ್ಲೂ ಇದೇ ಕಥೆ: ಸಿಲಿಂಡರ್ (ಗುಂಡು ತುಂಬುವ ತಿರುಗುವ ಉರುಳೆ) ತೆರೆಯಲು ಸ್ಮಿತ್ ಅಂಡ್ ವೆಸನ್‌ನಲ್ಲಿ ಗುಂಡಿಯನ್ನು ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು, ರೂಗರ್‌ನಲ್ಲಿ ಒಳಕ್ಕೆ ಒತ್ತಬೇಕು. ಸಿಲಿಂಡರ್ ತಿರುಗುವ ದಿಕ್ಕು ಕೂಡ ಸ್ಮಿತ್‌ಗೂ ಕೋಲ್ಟ್‌ಗೂ ಬೇರೆ. ಎರಡು ಗುಂಡು ಮಾತ್ರ ಉಳಿದಾಗ ಅವನ್ನು ಯಾವ ಕುಳಿಗೆ ಹಾಕಿದರೆ ಮುಂದಿನ ಎಳೆತಕ್ಕೆ ಹ್ಯಾಮರ್ ಕೆಳಗೆ ಬರುತ್ತವೆ ಎಂಬುದು ಇದರ ಮೇಲೆ ನಿಂತಿದೆ.

ಒಂದು ಬ್ರ್ಯಾಂಡ್‌ಗೆ ಅಂಟಿಕೊಳ್ಳಲು ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಇದೇ. ಅವಸರದಲ್ಲಿ ಹೆಬ್ಬೆರಳು ಯೋಚಿಸುವುದಿಲ್ಲ, ಕಲಿತ ದಿಕ್ಕಿಗೇ ಹೋಗುತ್ತದೆ.

ಗುಂಡು ಹಾರಿಸಿ ನೋಡುವ ಬಗೆ

ಬಾಡಿಗೆಗೆ ಪಿಸ್ತೂಲು ಸಿಗುವ ರೇಂಜ್ ಇದ್ದರೆ ಕೊಳ್ಳುವ ಮುನ್ನ ಎರಡು ಅಥವಾ ಮೂರು ಪಿಸ್ತೂಲುಗಳನ್ನು ಒಂದೇ ದಿನ, ಒಂದೇ ಕ್ಯಾಲಿಬರ್‌ನಲ್ಲಿ, ಒಂದೇ ಡಬ್ಬಿಯ ಗುಂಡಿನಿಂದ ನೋಡಿ. ಒಂದರಲ್ಲಿ 9 ಎಂಎಂ, ಇನ್ನೊಂದರಲ್ಲಿ .45 ಹಾರಿಸಿ ಹೋಲಿಸಿದರೆ ನೀವು ಹೋಲಿಸಿದ್ದು ಗುಂಡನ್ನು. 9 ಎಂಎಂ ಗುಂಡಿನ ತೂಕ ಸಾಮಾನ್ಯವಾಗಿ 115, 124 ಅಥವಾ 147 ಗ್ರೇನ್ (ಗುಂಡು ತೂಗುವ ಚಿಕ್ಕ ಅಳತೆ). ಹೋಲಿಕೆಗೆ ಯಾವುದಾದರೂ ಒಂದನ್ನೇ ಹಿಡಿಯಿರಿ.

ಏಳು ಮೀಟರ್ ದೂರದಲ್ಲಿ ಕಾಗದ ಕಟ್ಟಿ. ಪ್ರತಿ ಪಿಸ್ತೂಲಿಗೆ ಐದು ಗುಂಡಿನ ನಾಲ್ಕು ಸರದಿ, ಪ್ರತಿ ಸರದಿಗೂ ಹೊಸ ಗುರುತು. ಎಲ್ಲ 20 ಗುಂಡನ್ನು ಒಂದರಲ್ಲೇ ಮುಗಿಸಿ ಇನ್ನೊಂದನ್ನು ಎತ್ತಬೇಡಿ. ಎರಡನೆಯದರ ಹೊತ್ತಿಗೆ ಕೈ ದಣಿದಿರುತ್ತದೆ, ಇಲ್ಲವೇ ಆಗಷ್ಟೇ ಹದಕ್ಕೆ ಬಂದಿರುತ್ತದೆ. ಮೊದಲನೆಯದು, ಎರಡನೆಯದು, ಮತ್ತೆ ಎರಡನೆಯದು, ಮೊದಲನೆಯದು ಹೀಗೆ ಸರದಿ ತಿರುಗಿಸಿ. ಪ್ರತಿ ಸರದಿಯಲ್ಲಿ ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಅಳತೆಪಟ್ಟಿಯಲ್ಲಿ ಅಳೆದು ಸೆಂಟಿಮೀಟರ್‌ನಲ್ಲಿ ಬರೆಯಿರಿ. ಮನಸ್ಸಿಗೆ ಹಿಡಿಸಿದ ಪಿಸ್ತೂಲೇ ಚೆನ್ನಾಗಿ ಹೊಡೆಯಿತು ಎಂದು ಒಳಗಿನಿಂದ ಒಂದು ದನಿ ಹೇಳುತ್ತಲೇ ಇರುತ್ತದೆ. ಅಳತೆಪಟ್ಟಿಗೆ ಆ ಹಂಗಿಲ್ಲ.

ಬಲಗೈಯವರ ಗುಂಡು ಗುರಿಯ ಕೆಳಗೆ ಎಡಕ್ಕೆ ಸೇರುತ್ತಿದ್ದರೆ ಸೈಟನ್ನು ದೂರಬೇಡಿ. ಒದೆಗೆ ಹೆದರಿ ಟ್ರಿಗರ್ ಒತ್ತುವ ಕ್ಷಣದಲ್ಲೇ ಕೈ ಕೆಳಗೆ ತಳ್ಳುವುದು ಇದರ ಮಾಮೂಲಿ ಕಾರಣ. ಸ್ನೇಹಿತರ ಕೈಯಲ್ಲಿ ಮ್ಯಾಗಜೀನ್ ತುಂಬಿಸಿ, ಅಲ್ಲಲ್ಲಿ ಒಂದು ಡಮ್ಮಿ (ಸಿಡಿಯದ) ಗುಂಡು ಸೇರಿಸಲು ಹೇಳಿ. ಡಮ್ಮಿ ಬಂದಾಗ ಟಕ್ ಎಂಬ ಸದ್ದಿನ ಜೊತೆ ನಳಿಕೆ ಮುಗ್ಗರಿಸಿದರೆ ದೋಷ ಎಲ್ಲಿದೆ ಎಂದು ತಿಳಿಯಿತು. ಇದನ್ನು ತಿದ್ದಿಕೊಳ್ಳದೆ ಬ್ರ್ಯಾಂಡ್ ಬದಲಿಸುತ್ತಾ ಹೋದವರು ಪ್ರತಿ ಹೊಸ ಪಿಸ್ತೂಲಿನಲ್ಲೂ ಕೆಳಗೆ ಎಡಕ್ಕೇ ಹೊಡೆಯುತ್ತಾರೆ.

ತೂಕಕ್ಕೂ ಒದೆಗೂ ನೇರ ನಂಟು. ಖಾಲಿ ಗ್ಲಾಕ್ 17 ಸುಮಾರು 630 ಗ್ರಾಂ, ಬೆರೆಟಾ 92 ಅದಕ್ಕಿಂತ 300 ಗ್ರಾಂ ಹೆಚ್ಚು, ಉಕ್ಕಿನ ಪೂರ್ಣ ಅಳತೆಯ 1911 ಸುಮಾರು 1.1 ಕಿಲೋ. ಒಯ್ಯಲು ಹಗುರ ಎಂದು ಕೊಂಡ 425 ಗ್ರಾಂನ ಐದು ಗುಂಡಿನ .38 ರಿವಾಲ್ವರ್ ಅನ್ನು ಹೊಸಬರು ಒಂದು ಡಬ್ಬಿ ಗುಂಡು ಮುಗಿಯುವ ಮೊದಲೇ ಕೆಳಗಿಡುತ್ತಾರೆ, ಆಮೇಲೆ ಅಭ್ಯಾಸವೇ ನಿಲ್ಲುತ್ತದೆ. ಚಿಕ್ಕ ರಿವಾಲ್ವರ್ ಅನುಭವಿಗಳ ಆಯುಧ. ಮೊದಲ ಸಲ ಕೊಳ್ಳುವವರಿಗೆ ನಡುವಿನ ಅಥವಾ ದೊಡ್ಡ ಅಳತೆಯ 9 ಎಂಎಂ, ಇಲ್ಲವೇ .22 ಸರಿ.

ಕೊಂಡ ಮೇಲಿನ ಪರೀಕ್ಷೆ ಇನ್ನೊಂದು. ನೀವು ನಿಜವಾಗಿ ಬಳಸಲಿರುವ ಗುಂಡಿನಿಂದಲೇ 200 ಸಲ ತಡೆಯಿಲ್ಲದೆ ನಡೆದರೆ ನಂಬಬಹುದು. ಬಿಗಿಯಾಗಿ ಕೂಡಿಸಿದ ಕೆಲವು 1911ಗಳು ಮೊದಲ ಕೆಲವು ನೂರು ಗುಂಡು ಸವೆದ ಮೇಲೆಯೇ ಸಲೀಸಾಗುತ್ತವೆ, ಆ ಲೆಕ್ಕ ಬೇರೆ. ಪ್ರತಿ ಮ್ಯಾಗಜೀನ್‌ನ ಬುಡಕ್ಕೆ ಬಣ್ಣದಲ್ಲಿ ಒಂದು ಸಂಖ್ಯೆ ಬರೆಯಿರಿ. ತಡೆ ಬಂದಾಗಲೆಲ್ಲ ಯಾವ ಮ್ಯಾಗಜೀನ್, ಎಷ್ಟನೆಯ ಗುಂಡು, ಏನಾಯಿತು ಎಂದು ಗುರುತಿಸಿ. ತೊಂದರೆ ಎಲ್ಲ 2ನೇ ಮ್ಯಾಗಜೀನ್‌ನಲ್ಲೇ ಬಂದರೆ ಅದರ ತುಟಿ (ಗುಂಡು ಹಿಡಿಯುವ ಮೇಲಂಚು) ಬಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ, ಪಿಸ್ತೂಲು ಸರಿಯಿದೆ. ಖಾಲಿ ಕೇಸ್ (ಹಾರಿದ ಗುಂಡಿನ ಕೊಳವೆ) ಚಿಮಣಿಯಂತೆ ಸ್ಲೈಡಿಗೆ ಸಿಕ್ಕಿ ನಿಂತರೆ ಮೊದಲು ಮಣಿಕಟ್ಟು ನೋಡಿ: ಮಣಿಕಟ್ಟು ಸಡಿಲವಿದ್ದರೆ ಫ್ರೇಮ್ ಕೂಡ ಸ್ಲೈಡಿನೊಂದಿಗೆ ಹಿಂದೆ ಸರಿದು ಸ್ಲೈಡ್ ತನ್ನ ಪೂರ್ತಿ ದಾರಿ ಓಡುವುದಿಲ್ಲ. ಕೊನೆಯ ಗುಂಡಾದ ಮೇಲೆ ಸ್ಲೈಡ್ ಹಿಂದೆ ನಿಲ್ಲದಿದ್ದರೆ ನಿಮ್ಮ ಹೆಬ್ಬೆರಳು ಸ್ಲೈಡ್ ಸ್ಟಾಪ್ ಮೇಲೆ ಒರಗಿದೆಯೇ ನೋಡಿ. "ಈ ಕಂಪನಿಯದು ಕೆಟ್ಟದ್ದು" ಎಂಬ ದೂರುಗಳಲ್ಲಿ ಎಷ್ಟೋ ಈ ಎರಡು ಕಾರಣಕ್ಕೆ ಹುಟ್ಟಿದವು.

ಬ್ರ್ಯಾಂಡ್‌ಗೆ ಕಟ್ಟಬಹುದಾದ ಬೆಲೆ

ಈಗ ಹೆಸರಿನ ಮಾತು. ನಿಷ್ಠೆ ಇರಬೇಕಾದದ್ದು ಕಂಪನಿಗಲ್ಲ, ಪಿಸ್ತೂಲಿನ ಕುಟುಂಬಕ್ಕೆ. ಬೆರೆಟಾ 92ಕ್ಕೂ ಅದೇ ಬೆರೆಟಾದ ಎಪಿಎಕ್ಸ್‌ಗೂ ನಡುವೆ ಸಮಾನವಾದದ್ದು ಸ್ಲೈಡಿನ ಮೇಲಿನ ಹೆಸರು ಮಾತ್ರ. ಟ್ರಿಗರ್ ಬೇರೆ, ಸೇಫ್ಟಿ ಬೇರೆ, ಮ್ಯಾಗಜೀನ್ ಬೇರೆ. ಸಿಗ್‌ನ ಪಿ226 ಮತ್ತು ಪಿ320 ಕೂಡ ಹಾಗೆಯೇ. ಗ್ಲಾಕ್ 19ರಲ್ಲಿ ಗ್ಲಾಕ್ 17ರ ಮ್ಯಾಗಜೀನ್ ಹಾಕಿ ಹಾರಿಸಬಹುದು, ಸ್ವಲ್ಪ ಕೆಳಗೆ ಚಾಚಿಕೊಂಡಿರುತ್ತದೆ ಅಷ್ಟೆ. ಅದೇ ಕಂಪನಿಯ ತೆಳುವಾದ 43ಕ್ಕೆ ಅದು ಹೋಗುವುದಿಲ್ಲ. ಇನ್ನೊಂದು ಕಡೆ, 1911 ಎಂಬ ವಿನ್ಯಾಸವನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ಒಬ್ಬರ ಮ್ಯಾಗಜೀನ್ ಇನ್ನೊಬ್ಬರದಕ್ಕೆ ಸಾಮಾನ್ಯವಾಗಿ ಕೂರುತ್ತದೆ, ಸನ್ನೆಗೋಲುಗಳು ಇದ್ದಲ್ಲೇ ಇರುತ್ತವೆ. ಆದರೆ ಒಳಗಿನ ಬಿಡಿಭಾಗಗಳು ಹಾಗಲ್ಲ, ಅರದಿಂದ ಉಜ್ಜಿ ಕೂರಿಸಬೇಕಾಗುತ್ತದೆ, ಅದು ಬಂದೂಕು ರಿಪೇರಿ ಕಲಿತವರ ಕೆಲಸ.

ಹಾಗಾಗಿ ಇರುವ ಪಿಸ್ತೂಲಿನ ಜೊತೆ ಇನ್ನೊಂದು ಕೊಳ್ಳುವಾಗ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯಿರಿ: ಇರುವ ಮ್ಯಾಗಜೀನ್‌ಗಳು ಹೊಂದುತ್ತವೆಯೇ, ಹೋಲ್‌ಸ್ಟರ್ (ಪಿಸ್ತೂಲು ಇಡುವ ಚೀಲ) ಹೊಂದುತ್ತದೆಯೇ, ಸೈಟುಗಳು ಕೂರುವ ಸೀಳು ಅದೇ ಅಳತೆಯದೇ, ಸೇಫ್ಟಿ ಅದೇ ದಿಕ್ಕಿಗೇ, ಬಿಚ್ಚುವ ವಿಧಾನ ಅದೇ ತಾನೇ. ಹೌದುಗಳ ಸಂಖ್ಯೆ ಮೂರಕ್ಕಿಂತ ಹೆಚ್ಚಿದ್ದರೆ ಹಳೆಯ ಹೆಸರಿಗೆ ಅಂಟಿಕೊಳ್ಳುವುದು ಜಾಣತನ. ಇಲ್ಲದಿದ್ದರೆ ಉಳಿಯುವುದು ಅಭಿಮಾನ ಮಾತ್ರ. ಅಭಿಮಾನ ತಪ್ಪಲ್ಲ, ಆದರೆ ಅದನ್ನು ಲೆಕ್ಕದೊಳಗೆ ಸೇರಿಸಬೇಡಿ.

ಬಿಚ್ಚುವ ವಿಧಾನಕ್ಕೆ ಒಂದು ಮಾತು ಹೆಚ್ಚು ಹೇಳಬೇಕು. ಗ್ಲಾಕ್ ಬಿಚ್ಚುವ ಮುನ್ನ ಟ್ರಿಗರ್ ಒತ್ತಲೇಬೇಕು. ಚೇಂಬರ್ ನೋಡುವುದು ಮರೆತವರ ಕೈಯಲ್ಲಿ ಶುಚಿ ಮಾಡುವ ಹೊತ್ತಿಗೇ ಗುಂಡು ಹಾರಿದೆ. ಎಂ ಅಂಡ್ ಪಿಯಲ್ಲಿ ಒಳಗಿನ ಚಿಕ್ಕ ಸನ್ನೆಗೋಲೊಂದನ್ನು ಇಳಿಸಿ ಟ್ರಿಗರ್ ಮುಟ್ಟದೆ ಬಿಚ್ಚಬಹುದು. ರೂಗರ್‌ನ .22 ಮಾರ್ಕ್ ಸಾಲಿನವುಗಳನ್ನು ಮತ್ತೆ ಜೋಡಿಸುವುದು ತಲೆನೋವು ಎಂದು ಹೆಸರಾಗಿತ್ತು, 2016ರ ಮಾರ್ಕ್ 4ರಲ್ಲಿ ಒಂದೇ ಗುಂಡಿ ಒತ್ತಿದರೆ ತೆರೆದುಕೊಳ್ಳುವಂತಾಯಿತು. ಹಳೆಯ ಮಾರ್ಕ್ ಬಗ್ಗೆ ಕೇಳಿದ ದೂರನ್ನು ಹೊಸದಕ್ಕೆ ಹಚ್ಚುವುದು ಅನ್ಯಾಯ.

ಹೊಗಳಿಕೆಗೂ ಅದೇ ಮಾತು. ಹೆಸರು ಉಳಿದರೂ ಮಾಡುವವರು ಬದಲಾಗುತ್ತಾರೆ. ಕೋಲ್ಟ್ ಕಂಪನಿಯನ್ನು 2021ರಲ್ಲಿ ಜೆಕ್ ದೇಶದ ಸಿಝಡ್ ಸಮೂಹ ಕೊಂಡಿತು. ವಾಲ್ಥರ್ ಪಿಪಿಕೆಯನ್ನು ಕೆಲವು ವರ್ಷ ಅಮೆರಿಕದಲ್ಲಿ ಸ್ಮಿತ್ ಅಂಡ್ ವೆಸನ್ ತಯಾರಿಸಿತು. ನಲವತ್ತು ವರ್ಷದ ಹಿಂದಿನ ಪಿಸ್ತೂಲು ಗಟ್ಟಿಯಾಗಿತ್ತು ಎಂಬುದು ಇಂದಿನದಕ್ಕೆ ಜಾಮೀನಲ್ಲ. ಕೊಳ್ಳುವ ಮುನ್ನ ಕ್ರಮಸಂಖ್ಯೆ ಹಿಡಿದು ತಯಾರಕರು ವಾಪಸು ಕರೆದ ಪಟ್ಟಿಯಲ್ಲಿ ಅದು ಇದೆಯೇ ನೋಡಿ, ಹಳೆಯ ಪಿಸ್ತೂಲಾದರೆ ತಪ್ಪದೆ ನೋಡಿ.

"ಸೈನ್ಯವೇ ಆರಿಸಿದೆ" ಎಂಬ ವಾದವನ್ನೂ ತೂಗಿ ನೋಡಬೇಕು. ಅಮೆರಿಕದ ಸೈನ್ಯ 1985ರಲ್ಲಿ ಬೆರೆಟಾವನ್ನೂ 2017ರಲ್ಲಿ ಸಿಗ್ ಪಿ320ಯನ್ನೂ ಆರಿಸಿತು. ಸೈನ್ಯಕ್ಕೆ ಬೇಕಾದದ್ದು ಲಕ್ಷಗಟ್ಟಲೆ ಕೈಗಳಿಗೆ ಹೇಗೋ ಹೊಂದುವ, ಬಿಡಿಭಾಗ ಸಲೀಸಾಗಿ ಸಿಗುವ, ಬೆಲೆ ಇಳಿಸಿಕೊಡುವ ಆಯುಧ. ಅದರ ಸ್ಪ್ರಿಂಗ್ ಬದಲಿಸಲು ಅವರಲ್ಲಿ ಆಳುಗಳಿದ್ದಾರೆ. ನಿಮ್ಮ ಪಿಸ್ತೂಲಿಗೆ ನೀವೇ. ಗಟ್ಟಿತನದ ಬಗ್ಗೆ ಸೈನ್ಯದ ಆಯ್ಕೆ ಏನಾದರೂ ಹೇಳೀತು, ನಿಮ್ಮ ಬೆರಳ ಉದ್ದದ ಬಗ್ಗೆ ಏನೂ ಹೇಳುವುದಿಲ್ಲ.

ಪರಿಚಿತರ ಮಾತು ಕೇಳುವಾಗ ಎಷ್ಟು ಗುಂಡು ಹಾರಿಸಿದ್ದೀರಿ ಎಂದು ಮೊದಲು ಕೇಳಿ. ಮೂರು ವರ್ಷದಲ್ಲಿ ನೂರು ಗುಂಡು ಹಾರಿಸಿ "ಒಮ್ಮೆಯೂ ಸಿಕ್ಕಿಕೊಂಡಿಲ್ಲ" ಎಂದರೆ ಅದರಿಂದ ತಿಳಿಯುವುದು ಕಡಿಮೆ. ಐದು ಸಾವಿರ ಹಾರಿಸಿ, ಇಷ್ಟನೆಯದಕ್ಕೆ ಸ್ಪ್ರಿಂಗ್ ಬದಲಿಸಿದೆ, ಈ ಬಗೆಯ ಗುಂಡು ನುಂಗಲಿಲ್ಲ ಎನ್ನುವವರ ಪಕ್ಕ ಕೂತು ಬರೆದುಕೊಳ್ಳಿ. ತನ್ನ ಪಿಸ್ತೂಲಿನ ಒಂದು ಕುಂದನ್ನೂ ಹೇಳಲಾರದವರು ಅದನ್ನು ಸಾಕಷ್ಟು ಬಳಸಿಲ್ಲ.

ಕುಟುಂಬ ಬದಲಿಸಲೇಬೇಕಾಗಿ ಬಂದರೆ

ಹಳೆಯದನ್ನೂ ಹೊಸದನ್ನೂ ಸರದಿಯಲ್ಲಿ ಒಯ್ಯಬೇಡಿ. ಒಂದು ದಿನ ನಿಗದಿ ಮಾಡಿ ಹಳೆಯದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ, ಗುಂಡು ಬೇರೆ ಬೀಗದೊಳಗೆ. ಹೊಸದರಲ್ಲಿ ದಿನಕ್ಕೆ ಹತ್ತು ನಿಮಿಷ ಖಾಲಿ ಅಭ್ಯಾಸ ಮಾಡಿ. ಆ ಕೋಣೆಯಲ್ಲಿ ಒಂದು ಗುಂಡೂ ಇರಬಾರದು. ಎತ್ತುವುದು, ಸೇಫ್ಟಿ ಇಳಿಸುವುದು, ಟ್ರಿಗರ್ ಒತ್ತುವುದು, ಮತ್ತೆ ಸೇಫ್ಟಿ ಹಾಕುವುದು, ಇಷ್ಟನ್ನೇ ನಿಧಾನವಾಗಿ. .22 ರಿಮ್‌ಫೈರ್ (ಗುಂಡಿನ ಅಂಚಿಗೆ ಬಡಿದು ಸಿಡಿಸುವ) ಪಿಸ್ತೂಲಿನಲ್ಲಿ ಮಾತ್ರ ಖಾಲಿ ಟ್ರಿಗರ್ ಒತ್ತುವ ಮುನ್ನ ಕೈಪಿಡಿ ನೋಡಿ. ಕೆಲವುಗಳಲ್ಲಿ ಫೈರಿಂಗ್ ಪಿನ್ ಚೇಂಬರ್‌ನ ಅಂಚಿಗೆ ಬಡಿದು ಅಲ್ಲಿ ಗೀರು ಬೀಳುತ್ತದೆ. ವಾರಕ್ಕೊಮ್ಮೆ 50 ಗುಂಡಿನ ಅಭ್ಯಾಸ ಮಾಡಿ, ಮೊದಲ ಐದು ಗುಂಡಿನ ಅಂತರವನ್ನು ಮಾತ್ರ ಅಳೆದು ಬರೆಯಿರಿ, ಏಕೆಂದರೆ ಅದು ಕೈ ಕಾಯುವ ಮುಂಚಿನ ಅಳತೆ. ಹೆಬ್ಬೆರಳು ಹಳೆಯ ದಿಕ್ಕಿಗೆ ಹೋದ ಪ್ರತಿ ಸಲವನ್ನೂ ಒಂದು ಗೀಟು ಹಾಕಿ ಗುರುತಿಸಿ. ಸಾಲಾಗಿ ನಾಲ್ಕು ವಾರ ಒಂದು ಗೀಟೂ ಬೀಳದಿದ್ದರೆ ಹಳೆಯದನ್ನು ಮಾರುವ ಕಾಗದಪತ್ರ ಶುರು ಮಾಡಬಹುದು. ಎಷ್ಟು ವಾರ ಕಳೆದರೂ ಗೀಟುಗಳು ಬೀಳುತ್ತಲೇ ಇದ್ದರೆ, ಹೊಸದು ಎಷ್ಟೇ ಒಳ್ಳೆಯದಿರಲಿ, ಹಳೆಯದನ್ನೇ ಮತ್ತೆ ಹೊರಗೆ ತೆಗೆಯಿರಿ.